ಬರೆಯುವವರ ಒಡನಾಟ ಎಲ್ಲಿ ಸಿಗುತ್ತದೆ?

ಮಾನ್ಯ ಓದುಗರೇ,

ಬರಹಗಾರರ ಉತ್ಸವವೊಂದಕ್ಕೆ ಹೋಗಿ, ಸಾಲು ಸಾಲು ಗೋಷ್ಠಿಗಳನ್ನು ಕೇಳಿ, ಒಬ್ಬರ ಸ್ನೇಹವನ್ನೂ ಸಂಪಾದಿಸದೆ ಮರಳಿದೆನೆಂದು ಬರೆದಿದ್ದೀರಿ. ಅಲ್ಲಿದ್ದವರೆಲ್ಲ ಮೊದಲೇ ಪರಿಚಿತರಂತೆ ಕಂಡರೆಂದೂ, ಬರವಣಿಗೆ ಏಕಾಂತದ ಕೆಲಸವಾಗಿರುವಾಗ ಒಡನಾಟವನ್ನು ಬಯಸುವುದೇ ತಪ್ಪೇನೋ ಎಂದೂ ಕೇಳಿದ್ದೀರಿ. ಬಯಸಿದ್ದರಲ್ಲಿ ತಪ್ಪಿಲ್ಲ, ಹುಡುಕಿದ ಜಾಗದ ಬಗ್ಗೆ ಮಾತ್ರ ನನ್ನ ತಕರಾರು.

1988ರಲ್ಲಿ ವೇಲ್ಸ್‌ನಲ್ಲಿ ಆರಂಭವಾದ ‘ಹೇ’ ಸಾಹಿತ್ಯ ಉತ್ಸವದಂಥವು ಮುಖ್ಯವಾಗಿ ಓದುಗರಿಗಾಗಿ ನಡೆಯುತ್ತವೆ. ಅಲ್ಲಿ ಲೇಖಕರು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ. ಅದಕ್ಕಿಂತ ಒಂದು ವರ್ಷ ಮೊದಲು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಬೇಸಿಗೆಯ ಬರವಣಿಗೆ ಉತ್ಸವದ ಜೀವಾಳ ಕಮ್ಮಟಗಳು. ನೀವು ಹೋದ ಉತ್ಸವದಲ್ಲಿ ಎರಡೂ ಇದ್ದವು, ಆದರೆ ಸಂಕೋಚದಿಂದ ಕಮ್ಮಟಕ್ಕೆ ಹೆಸರು ಕೊಡಲಿಲ್ಲ ಎಂಬುದನ್ನು ನಿಮ್ಮ ಪತ್ರವೇ ಹೇಳುತ್ತದೆ.

ಕಮ್ಮಟದಲ್ಲಿ ನಡೆಯುವುದೇನೆಂದು ನೋಡಿ. 1956ರಲ್ಲಿ ಪೆನ್ಸಿಲ್ವೇನಿಯಾದ ಮಿಲ್ಫರ್ಡ್‌ನಲ್ಲಿ ವಿಜ್ಞಾನ ಕಥೆಗಾರ ಡೇಮನ್ ನೈಟ್ ಮತ್ತು ಸಂಗಾತಿಗಳು ಆರಂಭಿಸಿದ ಕೂಟದಿಂದ ಹೆಸರು ಪಡೆದ ಪದ್ಧತಿಯೊಂದಿದೆ: ಎಲ್ಲರೂ ಕರಡನ್ನು ಮೊದಲೇ ಓದಿರುತ್ತಾರೆ, ವೃತ್ತಾಕಾರವಾಗಿ ಕುಳಿತು ಒಬ್ಬೊಬ್ಬರಾಗಿ ಕೆಲವೇ ನಿಮಿಷ ಮಾತನಾಡುತ್ತಾರೆ, ಸರದಿ ಮುಗಿಯುವವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ. ಈ ಮೌನ ಕಠಿಣವಾದರೂ ಬಹಳ ಉಪಕಾರಿ. ಸಮರ್ಥನೆಗೆ ಅವಕಾಶವಿಲ್ಲದ ಆ ಹೊತ್ತಿನಲ್ಲಿ, ಮೆಚ್ಚಿದವರು ಯಾರು ಎಂಬುದಕ್ಕಿಂತ ನಿಮ್ಮ ಕಥೆ ಎತ್ತ ಹೋಗಬಯಸುತ್ತಿದೆಯೆಂದು ಗ್ರಹಿಸಿದವರು ಯಾರು ಎಂಬುದು ತಿಳಿಯುತ್ತದೆ. ನೀವು ಮುಂದೆ ಮಾತನಾಡಿಸಬೇಕಾದದ್ದು ಅವರನ್ನು. ಹನ್ನೆರಡು ಪುಟಗಳನ್ನು ಗಮನವಿಟ್ಟು ಓದಿದವರೊಡನೆ ಕುಶಲ ವಿಚಾರಣೆಯ ಪೀಠಿಕೆ ಬೇಕಾಗುವುದಿಲ್ಲ. (ಬರೀ ಹೊಗಳುವವರ ಗುಂಪನ್ನು ನಾನು ನಂಬುವುದಿಲ್ಲ, ಚುಚ್ಚುವುದನ್ನೇ ವಿಮರ್ಶೆ ಎಂದುಕೊಂಡವರದ್ದನ್ನೂ ನಂಬುವುದಿಲ್ಲ.)

ಮೊದಲೇ ಪರಿಚಿತರಂತೆ ಕಂಡವರಲ್ಲಿ ಹೆಚ್ಚಿನವರು ಹಿಂದಿನ ವರ್ಷವೂ ಬಂದವರಿರಬೇಕು, ಅಷ್ಟೆ.

ಏಕಾಂತದ ಮಾತು ಮೊದಲ ಕರಡಿನ ಮಟ್ಟಿಗೆ ನಿಜ. ತಿದ್ದುವ ಹಂತಕ್ಕೆ ಬಂದಾಗ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ, ಮತ್ತು ಆ ಕಣ್ಣು ಉತ್ಸವ ಮುಗಿದ ಮೇಲೂ ಸಿಗುವಂತಿರಬೇಕು. ಆಕ್ಸ್‌ಫರ್ಡಿನಲ್ಲಿ 1930 ಮತ್ತು 40ರ ದಶಕಗಳಲ್ಲಿ ಲೇಖಕರಾದ ಟಾಲ್ಕಿನ್, ಲೂಯಿಸ್ ಮೊದಲಾದ ‘ಇಂಕ್ಲಿಂಗ್ಸ್’ ಎಂಬ ಬಳಗದವರು ಗುರುವಾರ ಸಂಜೆ ಸೇರಿ ತಮ್ಮ ಹಸ್ತಪ್ರತಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಟಾಲ್ಕಿನ್ನರ ಓದು ಬಳಗದ ಹ್ಯೂಗೊ ಡೈಸನ್‌ಗೆ ಹಿಡಿಸುತ್ತಿರಲಿಲ್ಲ. ಹಾಗೆಂದು ಬಳಗ ಒಡೆಯಲಿಲ್ಲ. ಅಭಿರುಚಿಯ ಹೊಂದಾಣಿಕೆಗಿಂತ ಗೊತ್ತುಪಡಿಸಿದ ದಿನವೇ ಇಂಥ ಕೂಟಗಳನ್ನು ಹೆಚ್ಚು ಕಾಲ ಹಿಡಿದಿಡುತ್ತದೆಂದು ನನಗನಿಸುತ್ತದೆ. ‘ಆಗಾಗ ಸಿಗೋಣ’ ಎಂದು ಬೀಳ್ಕೊಂಡವರು ಮತ್ತೆ ಸೇರುವುದು ಅಪರೂಪ.

ಕೊನೆಯದಾಗಿ, ಸರದಿ ಸಾಲಿನಲ್ಲಿ ನಿಂತಾಗ ತಮ್ಮ ಕಾದಂಬರಿ ಅರ್ಧಕ್ಕೆ ನಿಂತಿದೆಯೆಂದು ಹೇಳಿ ವಿಳಾಸ ಕೊಟ್ಟ ಮಹಿಳೆಗೆ ಎರಡು ತಿಂಗಳಾದ ಮೇಲೆ ಬರೆಯಬಹುದೇ ಎಂದು ಕೇಳಿದ್ದೀರಿ. ಅಗತ್ಯವಾಗಿ ಬರೆಯಿರಿ. ತಡವಾದದ್ದಕ್ಕೆ ದೀರ್ಘ ಕ್ಷಮಾಪಣೆ ಬೇಡ. ಕಾದಂಬರಿ ಯಾವ ಅಧ್ಯಾಯದಲ್ಲಿ ನಿಂತಿದೆಯೆಂದು ಕೇಳಿ, ನಿಮ್ಮ ನಾಲ್ಕು ಪುಟಗಳನ್ನು ಜೊತೆಗಿಟ್ಟು, ಅವುಗಳನ್ನು ಕುರಿತು ಮಾತನಾಡಲು ಒಂದು ದಿನಾಂಕವನ್ನು ನೀವೇ ಸೂಚಿಸಿ. ಉತ್ತರ ಬಾರದಿದ್ದರೆ ಮುಂದಿನ ವರ್ಷದ ಕಮ್ಮಟಕ್ಕೆ ಬೇಗನೆ ಹೆಸರು ನೋಂದಾಯಿಸಿ. ಅಲ್ಲಿ ಜಾಗಗಳು ಕಡಿಮೆ ಇರುತ್ತವೆ.

— ಸಂಪಾದಕ