ಎರಡನೇ ಮಹಾಯುದ್ಧದಲ್ಲಿ ಗ್ಲೈಡರ್‌ಗೆ ಹತ್ತಿಸುವ ಜೀಪುಗಳ ಬಂಪರ್ ಯಾಕೆ ಕತ್ತರಿಸುತ್ತಿದ್ದರು?

ಸುಮ್ನೆ ತೂಕ ಇಳಿಸುವುದಕ್ಕಲ್ಲ, ಮುಖ್ಯವಾಗಿ ಜೀಪು ಒಳಗೆ ತಿರುಗಲಿ ಅಂತ. ಬ್ರಿಟಿಷರ ಹೋರ್ಸಾ ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ಮರದ ವಿಮಾನ. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿತ್ತು. ಅದರ ಮೊದಲ ಮಾದರಿಯಲ್ಲಿ ಸರಕಿನ ಬಾಗಿಲು ಇದ್ದದ್ದು ಮೂತಿಯ ಹಿಂದೆ, ಎಡಪಕ್ಕದಲ್ಲಿ. ಜೀಪು ಇಳಿಜಾರು ಹಲಗೆ ಹತ್ತಿ ಒಳಗೆ ಬಂದ ಕೂಡಲೇ ಕೊಳವೆಯಂಥ ಒಡಲಿನ ಉದ್ದಕ್ಕೆ ತಿರುಗಬೇಕು. ಒಂದೂವರೆ ಮೀಟರಿಗಿಂತ ಜಾಸ್ತಿ ಅಗಲದ ಗಾಡಿಗೆ ಅಲ್ಲಿ ಬಂಪರಿನ ತುದಿಯೂ ಅಡ್ಡ ಬರುತ್ತದೆ, ಅಲ್ವಾ? ಹಾಗಾಗಿ ಮುಂದಿನ ಬಂಪರನ್ನು ಎರಡೂ ಕಡೆ ಮೋಟು ಮಾಡಿದರು. ಮುಂದಿನ ಗಾಜು, ಮೇಲ್ಹೊದಿಕೆಯ ಕಂಬಿ ತೆಗೆದರು. ಸ್ಟೀರಿಂಗ್ ಚಕ್ರವನ್ನೂ ಬೇಗ ಕಳಚುವಂತೆ ಮಾಡಿದರು. ಎಷ್ಟೋ ಜೀಪುಗಳಲ್ಲಿ ಹಿಂದಿನ ಸ್ಟೆಪ್ನಿ ಮೂತಿಗೆ ಬಂತು. ನೆಲಕ್ಕಿಳಿದ ಮೇಲಿನ ಉಪಾಯ ಇನ್ನೂ ಒರಟು: ಗ್ಲೈಡರಿನ ಬಾಲವನ್ನೇ ಬೋಲ್ಟ್ ಬಿಚ್ಚಿ ಕಳಚಿ, ಜೀಪನ್ನು ಹಿಂದಿನಿಂದ ಹೊರತೆಗೆಯುತ್ತಿದ್ದರು.