ವಾಲ್ವ್ ಬದಲಿಸುವ ಮೊದಲು ಒಂದಡಿ ವೈರ್

ಪ್ರಶ್ನೆ: ಮದುವೆ, ಗಣೇಶೋತ್ಸವಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನದು ಹಳೆಯ ವಾಲ್ವ್ (ಗಾಜಿನ ಕೊಳವೆ) ಆಂಪ್ಲಿಫೈಯರ್. ಅದರ ಬೆನ್ನಿಗೆ ಎಫೆಕ್ಟ್ಸ್ ಲೂಪ್‌ನ ಸೆಂಡ್, ರಿಟರ್ನ್ ಎಂಬ ಎರಡು ಜಾಕ್‌ಗಳಿವೆ. ಅಲ್ಲಿ ಏನನ್ನೂ ಸಿಕ್ಕಿಸದಿದ್ದರೂ ಸದ್ದು ಇದ್ದಕ್ಕಿದ್ದಂತೆ ಕ್ಷೀಣಿಸುತ್ತದೆ. ಪೆಟ್ಟಿಗೆಗೆ ಒಂದು ಏಟು ಕೊಟ್ಟರೆ ಮರಳುತ್ತದೆ. ಲೂಪ್‌ಗೆ ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಸೇರಿಸಿದರೆ, ಅದನ್ನು ಆಫ್ ಮಾಡಿದ್ದರೂ, ಸ್ವರ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ವಾಲ್ವ್‌ಗಳನ್ನೆಲ್ಲ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇ?
– ಒಬ್ಬ ಓದುಗ, ತಿಪಟೂರು

ಉತ್ತರ: ತಡೆಯಿರಿ. ನೀವು ಬರೆದಿರುವುದು ಎರಡು ಬೇರೆ ಬೇರೆ ಕಾಯಿಲೆ.

ಮೊದಲನೆಯದಕ್ಕೆ ನನ್ನ ಅನುಮಾನ ರಿಟರ್ನ್ ಜಾಕ್ ಮೇಲೆ. ಸ್ವರಕ್ಕೆ ರೂಪ ಕೊಡುವ ಪ್ರೀಆಂಪ್‌ನಿಂದ ಸ್ಪೀಕರ್‌ಗೆ ಬಲ ಕೊಡುವ ಪವರ್ ಆಂಪ್‌ಗೆ ಹೋಗುವ ದಾರಿಯನ್ನು ನಡುವೆ ಕಡಿದು ಹೊರಗೆ ತಂದದ್ದೇ ಲೂಪ್. ಪೆಡಲ್ ಇಲ್ಲದಾಗ ಸಿಗ್ನಲ್ ದಾಟುವುದು, ಬಹುತೇಕ ಆಂಪ್‌ಗಳಲ್ಲಿ, ಆ ಜಾಕ್‌ನೊಳಗಿನ ಒಂದು ತಗಡಿನ ನಾಲಗೆಯ ಮೂಲಕ. ವೈರ್‌ನ ಪಿನ್ ತೂರಿಸಿದರೆ ನಾಲಗೆ ಏಳುತ್ತದೆ, ತೆಗೆದರೆ ಕೂರುತ್ತದೆ. ವರ್ಷಗಟ್ಟಲೆ ಕೂತಲ್ಲೇ ಕೂತು ಅದಕ್ಕೆ ಕಿಲುಬು ಹಿಡಿದಿರುತ್ತದೆ.

ಪರೀಕ್ಷೆ ಸುಲಭ. ಸೆಂಡ್‌ನಿಂದ ರಿಟರ್ನ್‌ಗೆ ಒಂದಡಿ ಉದ್ದದ ಗಿಟಾರ್ ವೈರ್ ಸಿಕ್ಕಿಸಿ ನುಡಿಸಿ. ಸದ್ದು ತುಂಬಿ ಬಂದು ಅಲ್ಲಾಡದೆ ನಿಂತರೆ ಕಳ್ಳ ಸಿಕ್ಕಿದಂತೆ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಪಿನ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ರಿಟರ್ನ್ ಜಾಕ್‌ಗೆ ಇಪ್ಪತ್ತು ಸಲ ಹಾಕಿ ತೆಗೆಯಿರಿ. ಚೆನ್ನಾಗಿ ಆರಿದ ಮೇಲೆ ಆಂಪ್ ಆನ್ ಮಾಡಿ ನೋಡಿ. ನಿಮ್ಮೂರಿನಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ ಎಂದು ಗೊತ್ತು, ಆದರೆ ಇಲ್ಲಿಗೆ ಬೇಡ, ದೂಳು ಮೆತ್ತಿಕೊಳ್ಳುತ್ತದೆ. ವೈರ್ ಹಾಕಿದರೂ ಸದ್ದು ಏರಿಳಿದರೆ ಆಗ ವಾಲ್ವ್, ಅದರ ಸಾಕೆಟ್‌ಗಳನ್ನು ನೋಡೋಣ. ತುಮಕೂರಿನ ನನ್ನ ಅಂಗಡಿಯಲ್ಲಿ ನಾನೂ ಒಮ್ಮೆ ನಾಲ್ಕು ವಾಲ್ವ್ ಬದಲಿಸಿ ಬಿಲ್ ಬರೆದಿದ್ದೆ. ಮೂರನೆಯ ದಿನ ಗಿರಾಕಿ ಅದೇ ಪೆಟ್ಟಿಗೆಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ಏನೂ ಮಾತನಾಡಲಿಲ್ಲ. ಕೆಟ್ಟಿದ್ದು ಜಾಕ್.

ಇನ್ನು ಮಂಕು. ಪೆಡಲ್ ವೇದಿಕೆಯ ಮುಂದೆ, ಆಂಪ್ ಹಿಂದೆ ಇಡುತ್ತೀರಲ್ಲವೇ? ಹೋಗಲು 6 ಮೀಟರ್, ಬರಲು 6 ಮೀಟರ್ ಎಂದುಕೊಳ್ಳೋಣ. ಗಿಟಾರ್ ವೈರ್‌ನ ಕೆಪಾಸಿಟೆನ್ಸ್ (ಟ್ರೆಬಲ್, ಅಂದರೆ ಚೂಪು ಸ್ವರ, ನುಂಗುವ ಗುಣ) ಮೀಟರ್‌ಗೆ ಸುಮಾರು 100 ಪಿಕೊಫ್ಯಾರಡ್. ಟ್ರೂ ಬೈಪಾಸ್ ಪೆಡಲ್ (ಆಫ್ ಮಾಡಿದಾಗ ಸಿಗ್ನಲ್ಲನ್ನು ನೇರ ದಾಟಿಸುವಂಥದ್ದು) ಆಫ್ ಆಗಿದ್ದರೆ ಎರಡೂ ವೈರ್ ಕೂಡಿ 1,200 ಆಯಿತು. ಸೆಂಡ್‌ನ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 1 ಲಕ್ಷ ಓಮ್‌ನಷ್ಟಿದ್ದರೆ 1,300 ಹರ್ಟ್ಜ್ ಆಸುಪಾಸಿನಿಂದಲೇ ಟ್ರೆಬಲ್ ಸೋರಿಹೋಗುತ್ತದೆ. ಅಲ್ಲಿ ಬಫರ್ ಎಂಬ ಪುಟ್ಟ ಸರ್ಕ್ಯೂಟ್ ಇದ್ದು ಇಂಪೀಡೆನ್ಸ್ 1,000 ಓಮ್‌ಗೆ ಇಳಿದರೆ ಅದೇ ವೈರ್ ಕಿವಿಗೆ ಏನೂ ಕೆಡಿಸದು.

ಆದ್ದರಿಂದ ಡಿಲೇಯನ್ನು ಆಂಪ್ ತಲೆಯ ಮೇಲೇ ಇಟ್ಟು ಮೊಳದುದ್ದದ ವೈರ್ ಬಳಸಿ. ಕಾಲಿನ ಹತ್ತಿರವೇ ಬೇಕೆಂದರೆ ಬಫರ್ ಪೆಡಲ್ ತನ್ನಿ. ಅದನ್ನು ಸೆಂಡ್ ಜಾಕ್‌ನ ಪಕ್ಕದಲ್ಲೇ ಇಡಬೇಕು. ಅನೇಕರು ಉದ್ದ ವೈರ್‌ನ ಆಚೆ ತುದಿಗೆ ಇಟ್ಟು, ಬಫರ್ ಸರಿಯಿಲ್ಲ ಎಂದು ಬೈಯುತ್ತಾರೆ. ಸ್ವರ ಒಡೆದಂತೆ ಕೇಳಿದರೆ ಸೆಂಡ್ ಲೆವೆಲ್ ಇಳಿಸಿ, 9 ವೋಲ್ಟ್ ಪೆಡಲ್‌ಗೆ ಲೂಪ್‌ನ ಸಿಗ್ನಲ್ ಜಾಸ್ತಿಯಾಗಿರುತ್ತದೆ.

ಉಜ್ಜಿದರೂ ಜಾಕ್ ಸರಿಹೋಗದಿದ್ದರೆ ಹೊಸದನ್ನು ಹಾಕಿಸಿ. ನೀವೇ ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300–400 ವೋಲ್ಟ್ ಉಳಿದಿರಬಹುದು. ದುರಸ್ತಿಯವರ ಬಳಿಗೆ ಹೋಗುವಾಗ ಆ ಒಂದಡಿ ವೈರನ್ನೂ ಒಯ್ದು, ಹಾಕಿ, ತೆಗೆದು, ಎದುರಿಗೇ ನುಡಿಸಿ ತೋರಿಸಿ.