ಒಂದೇ ಹೆಸರಿನವರು ಉಪನಾಮದ ಅಂಕಣದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನನಗಿರುವುದು ಮೂರಕ್ಷರದ ಒಂದೇ ಹೆಸರು. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ. ಆನ್‌ಲೈನ್ ಅರ್ಜಿಗಳಲ್ಲಿ ಆ ಅಂಕಣ ತುಂಬದೆ ಮುಂದಿನ ಪುಟ ತೆರೆಯುವುದೇ ಇಲ್ಲ. ಒಮ್ಮೆ ಚುಕ್ಕಿ ಇಟ್ಟೆ, ಅರ್ಜಿ ತಿರಸ್ಕೃತವಾಯಿತು. ತಂದೆಯ ಹೆಸರು ಸೇರಿಸಿಕೊಂಡುಬಿಡು ಎಂದು ಎಲ್ಲರೂ ಹೇಳುತ್ತಾರೆ. ಹೆಸರು ಬದಲಾಯಿಸಿಕೊಳ್ಳಲೇ?
– ಓದುಗರೊಬ್ಬರು

ಉತ್ತರ: ಒಂದು ಅರ್ಜಿಯ ಕಾಟಕ್ಕೆ ಬೇಸತ್ತು ಹೆಸರು ಬದಲಾಯಿಸಬೇಡಿ. ನನಗೂ ಒಂದೇ ಹೆಸರು, ಹಾಗಾಗಿ ನಿಮ್ಮ ಸಂಕಟ ನನಗೆ ಹೊಸದಲ್ಲ. ನನ್ನ ಮೊದಲ ವಿಮಾನಯಾನದ ಟಿಕೆಟ್‌ನಲ್ಲಿ ಹೆಸರು ಎರಡು ಸಲ ಅಚ್ಚಾಗಿತ್ತು, ಕೊನೆಗೆ ‘ಮಿಸ್’ ಎಂಬುದೂ ಅಂಟಿಕೊಂಡಿತ್ತು. ಕೌಂಟರಿನಲ್ಲಿದ್ದ ಯುವತಿ ಪಾಸ್‌ಪೋರ್ಟನ್ನೂ ಟಿಕೆಟನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ, ‘ಇದು ನೀವೇನಾ?’ ಎಂದು ಕೇಳಿದಳು. ನನ್ನ ಹಿಂದಿನ ಸಾಲೆಲ್ಲ ಕರಗಿದ ಮೇಲೆ ಮೇಲಧಿಕಾರಿ ಬಂದು ನನ್ನನ್ನು ಒಳಗೆ ಬಿಟ್ಟರು. ಎರಡು ಕಾಗದಗಳಲ್ಲಿ ಹೆಸರು ಎರಡು ಬಗೆಯಾಗಿದ್ದುದೇ ಅಂದಿನ ತೊಡಕಿಗೆ ಮೂಲ. ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ಬಗೆಯಾಗಿರುವಂತೆ ನೀವು ನೋಡಿಕೊಳ್ಳಬೇಕು.

ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಫೋಟೋ ಇರುವ ಪುಟದ ತಳ ನೋಡಿ. 44 ಅಕ್ಷರಗಳ ಎರಡು ಸಾಲುಗಳಿವೆ, ಯಂತ್ರ ಓದುವುದು ಅವನ್ನು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ ಅವುಗಳಲ್ಲಿ ಮುಖ್ಯ ಹೆಸರು ಒಂದಿದ್ದರೆ ಸಾಕು, ಎರಡನೆಯದು ಇಲ್ಲದಿದ್ದರೂ ನಡೆಯುತ್ತದೆ. ಅಂತರರಾಷ್ಟ್ರೀಯ ಮಾನದಂಡವೇ ಒಪ್ಪಿರುವುದನ್ನು ಒಂದು ಜಾಲತಾಣದ ಅರ್ಜಿ ಒಪ್ಪುವುದಿಲ್ಲ ಎಂದರೆ ಕೊರತೆ ಅರ್ಜಿ ರೂಪಿಸಿದವರದು. ಇಂಡೋನೇಷ್ಯಾವನ್ನು ಆಳಿದ ಸುಕಾರ್ನೊ, ಸುಹಾರ್ತೊ ಇಬ್ಬರಿಗೂ ಒಂದೇ ಹೆಸರು. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಯು ಥಾಂಟ್ ಅವರ ಹೆಸರು ಬರೀ ಥಾಂಟ್. ‘ಯು’ ಎಂಬುದು ಬರ್ಮೀಯರ ಗೌರವಸೂಚಕ.

ಅಮೆರಿಕದ ವೀಸಾ ಅರ್ಜಿಯಲ್ಲಿ ಇರುವ ಒಂದೇ ಹೆಸರನ್ನು ಉಪನಾಮದ ಅಂಕಣದಲ್ಲಿ ಬರೆದು, ಇನ್ನೊಂದರಲ್ಲಿ ‘ಎಫ್‌ಎನ್‌ಯು’ ಎಂದು ತುಂಬಬೇಕು. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು. ಅಲ್ಲಿ ಇಳಿದ ಮೇಲೆ ಬ್ಯಾಂಕು, ಪರವಾನಗಿಗಳಲ್ಲೂ ಅದೇ ಹೆಸರಾಗಿ ಉಳಿದು, ‘ಫ್ನು’ ಎಂದು ಕರೆಸಿಕೊಂಡವರಿದ್ದಾರೆ. ತಾಯಿತಂದೆ ಇಟ್ಟ ಹೆಸರು ಇರುವಾಗ ಹೀಗೆ ಕರೆಸಿಕೊಳ್ಳುವುದು ನನಗಂತೂ ನೋವಿನ ಸಂಗತಿ. ಹೊಸ ಕಾಗದ ಕೈಗೆ ಬಂದ ದಿನವೇ ಓದಿ ನೋಡಿ, ತಿದ್ದುಪಡಿಗೆ ಕೊಡಿ.

ಯುಎಇ 2022ರ ನವೆಂಬರ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲವೆಂದಿತು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಬಳಿಕ ಸಡಿಲಿಸಿತು. ಅಂಥ ದೇಶಗಳಿಗೆ ಮತ್ತೆ ಮತ್ತೆ ಹೋಗಬೇಕಾದ ಕೆಲಸ ನಿಮ್ಮದಾಗಿದ್ದರೆ ಮಾತ್ರ ಹೆಸರು ಸೇರಿಸುವ ವಿಚಾರ ಮಾಡಿ. ಆಗಲೂ ಪಾಸ್‌ಪೋರ್ಟ್ ಒಂದನ್ನೇ ತಿದ್ದಿಸಿ ಸುಮ್ಮನಾಗಬೇಡಿ. ಅಂಕಪಟ್ಟಿ, ಬ್ಯಾಂಕ್ ಖಾತೆ, ವಿಮೆ ಎಲ್ಲವೂ ಅದರ ಜೊತೆ ಹೊಂದಬೇಕು.

ಟಿಕೆಟ್ ವಿಷಯದಲ್ಲಿ ಒಂದೊಂದು ವಿಮಾನ ಕಂಪನಿಯದು ಒಂದೊಂದು ಪದ್ಧತಿ. ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಪಾಸ್‌ಪೋರ್ಟ್ ಒಳಗೇ ಮಡಚಿಟ್ಟುಕೊಳ್ಳಿ. ನಾನು ಈಗಲೂ ಹಾಗೆಯೇ ಮಾಡುತ್ತೇನೆ.